ಎದೆಬಡಿತ ತಗ್ಗಿಸುವ ಗುಳಿಗೆ: ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಒಂದು ಮಾರ್ಗದರ್ಶಿ

"ಬಿಪಿ ಆರಾಮ್ ಆಗ್ಯಾದ ರೀ, ಇನ್ನ ಗುಳಿಗಿ ಬಿಡ್ಲೇನು?"

ಕಲಬುರಗಿಯ ಮೆಡಿಕಲ್ ಅಂಗಡಿಗಳಲ್ಲಿ ಈ ಪ್ರಶ್ನೆ ಕೇಳದ ದಿನವೇ ಇಲ್ಲ. ಕೌಂಟರ್ ಹಿಂದೆ ಕೂರುವ ನಾನು ಆಗ ಮೊದಲು ನೋಡುವುದು ಅವರ ಕೈಯಲ್ಲಿರುವ ಸ್ಟ್ರಿಪ್. ಯಾವ ಬಿಪಿ ಗುಳಿಗೆಯನ್ನೂ ನಾವೇ ಬಿಡಬಾರದು, ಅದು ಇದ್ದದ್ದೇ. ಆದರೆ ಬೀಟಾ ಬ್ಲಾಕರ್ ವಿಷಯ ಇನ್ನೂ ಸೂಕ್ಷ್ಮ. ಇದನ್ನು ಥಟ್ಟನೆ ಬಿಟ್ಟರೆ ಹೃದಯ ತಿರುಗಿ ಬೀಳುತ್ತದೆ. ಇದರ ಜೊತೆ ಸುರಕ್ಷಿತವಾಗಿ ಬದುಕಲು ಎರಡು ಸಂಗತಿ ಗೊತ್ತಿರಬೇಕು: ನಿಮ್ಮ ನಾಡಿ ನಿಮಿಷಕ್ಕೆ ಎಷ್ಟು ಬಡಿಯುತ್ತದೆ, ಮತ್ತು ಗುಳಿಗೆ ನಿಲ್ಲಿಸುವ ದಾರಿ ಯಾವುದು. ಎಷ್ಟು ಮಿಲಿಗ್ರಾಂ, ಎಷ್ಟು ದಿನ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಉಳಿದದ್ದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಹಂತ 1: ಸ್ಟ್ರಿಪ್ ತಿರುಗಿಸಿ ಹೆಸರು ಓದಿ

ಕಂಪನಿ ಇಟ್ಟ ದೊಡ್ಡಕ್ಷರದ ಹೆಸರನ್ನು ಬಿಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಔಷಧದ ನಿಜವಾದ ಹೆಸರಿರುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್, ಪ್ರೊಪ್ರನೊಲಾಲ್, ಲ್ಯಾಬೆಟಲಾಲ್. ಇಂಗ್ಲಿಷ್ ಅಕ್ಷರದಲ್ಲಿ ಕೊನೆಗೆ ಎಲ್-ಓ-ಎಲ್ ಅಂತ ಇದ್ದರೆ ಅದು ಬೀಟಾ ಬ್ಲಾಕರ್ ಅಂತಲೇ ತಿಳಿಯಿರಿ. ಅಂಗಡಿಯಲ್ಲಿ ಇವು ಮೆಟ್ ಎಕ್ಸ್‌ಎಲ್, ಅಟೆನ್, ಕಾಂಕೋರ್, ನೆಬಿಕಾರ್ಡ್, ಕಾರ್ಡಿವಾಸ್, ಸಿಪ್ಲಾರ್ ಹೀಗೆ ಹತ್ತಾರು ಹೆಸರಲ್ಲಿ ಸಿಗುತ್ತವೆ. ಜನೌಷಧಿ ಕೇಂದ್ರದಲ್ಲಿ ಔಷಧದ ಹೆಸರಿನಲ್ಲೇ, ಬಹಳ ಕಡಿಮೆ ಬೆಲೆಗೆ ಸಿಗುತ್ತವೆ.

ಹೆಸರು ಓದಿ ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕಡೆ ಪೂರ್ತಿ ಸ್ಟ್ರಿಪ್ ಒಯ್ಯುವವರು ಕಡಿಮೆ. ಕೂಲಿ ಬಂದ ದಿನ ನಾಲ್ಕು ಗುಳಿಗೆ, ಮತ್ತೆ ಸಂತೆಗೆ ಬಂದಾಗ ನಾಲ್ಕು. ಕತ್ತರಿ ಆಡಿಸಿದಾಗ ಹೆಸರು ಒಂದು ತುಂಡಿಗೆ ಹೋಗುತ್ತದೆ, ಎಕ್ಸ್‌ಪೈರಿ ತಾರೀಖು ಇನ್ನೊಂದು ತುಂಡಿಗೆ. ಮನೆಯಲ್ಲಿ ಡಬ್ಬಿ ತೆಗೆದರೆ ಬೆಳ್ಳಿ ಹಾಳೆಯ ಮೇಲೆ ಬರೀ 'ಮೆಟ್' ಅಂತ ಅರ್ಧ ಹೆಸರು ಕಾಣುತ್ತದೆ. ಹೃದಯದ ಮೆಟೊಪ್ರೊಲಾಲ್ ತುಂಡಿನ ಮೇಲೂ 'ಮೆಟ್', ಶುಗರಿನ ಮೆಟ್‌ಫಾರ್ಮಿನ್ ತುಂಡಿನ ಮೇಲೂ 'ಮೆಟ್'. ಒಂದೇ ಡಬ್ಬಿಯಲ್ಲಿ ಎರಡೂ ಬಿದ್ದಿದ್ದರೆ, ಕಣ್ಣು ಮಂಜಾದ ಅಜ್ಜಿ ಯಾವುದನ್ನು ನುಂಗಬೇಕು? ಕತ್ತರಿಸಿ ಕೊಡುವವರಿಗೆ "ಹೆಸರು, ತಾರೀಖು ಇರೋ ಕಡೆಯಿಂದ ಕೊಡ್ರಿ" ಅಂತ ಕೇಳಿ. ಆಗದಿದ್ದರೆ ಪೂರ್ತಿ ಸ್ಟ್ರಿಪ್‌ನ ಫೋಟೊ ಮೊಬೈಲ್‌ನಲ್ಲಿ ತಗೊಳ್ಳಿ. ತುಂಡನ್ನು ಬೇರೆ ಲಕೋಟೆಯಲ್ಲಿ ಹಾಕಿ 'ಎದಿ ಗುಳಿಗಿ, ಮುಂಜಾನೆ' ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲು ಯಾವ ಫಾರ್ಮಸಿಸ್ಟೂ ಬೇಸರ ಮಾಡಿಕೊಳ್ಳಬಾರದು.

ಇನ್ನೊಂದು ತೊಂದರೆ ಜೋಡಿ ಗುಳಿಗೆಗಳದ್ದು. ಅಮ್ಲೋಡಿಪಿನ್ ಜೊತೆ ಅಟೆನೊಲಾಲ್, ಟೆಲ್ಮಿಸಾರ್ಟನ್ ಜೊತೆ ಮೆಟೊಪ್ರೊಲಾಲ್ ಸೇರಿಸಿದ ಗುಳಿಗೆಗಳಿವೆ. ನಮ್ಮ ಜನ ಊರಲ್ಲಿ ಒಬ್ಬ ಡಾಕ್ಟರಿಗೆ ತೋರಿಸುತ್ತಾರೆ, ಆಮೇಲೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಇನ್ನೊಬ್ಬರಿಗೆ ತೋರಿಸುತ್ತಾರೆ. ಎರಡು ಚೀಟಿಯ ಗುಳಿಗೆಯನ್ನೂ ನುಂಗುತ್ತಾರೆ. ಬ್ರ್ಯಾಂಡ್ ಬೇರೆ, ಒಳಗಿನ ಔಷಧ ಒಂದೇ ಆಗಿದ್ದರೆ ಡೋಸ್ ಎರಡು ಪಟ್ಟಾಗುತ್ತದೆ. ತಲೆ ಸುತ್ತಿ ಬಿದ್ದ ಮೇಲೆ ಕಾರಣ ಹುಡುಕುವುದಕ್ಕಿಂತ, ಹೊಸ ಚೀಟಿ ಬಂದ ದಿನವೇ ಹಳೇ ಗುಳಿಗೆ ಚೀಲ ಪೂರ್ತಿ ತಂದು ಮೆಡಿಕಲ್‌ನವರ ಮುಂದೆ ಸುರಿಯಿರಿ. ಹೊಂದಿಸಿ ನೋಡಲು ಐದು ನಿಮಿಷ ಸಾಕು.

ಹಂತ 2: ಒಳಗೆ ಏನು ಮಾಡುತ್ತದೆ, ಸ್ವಲ್ಪ ತಿಳಿದುಕೊಳ್ಳಿ

ಹೆದರಿಕೆ, ಸಿಟ್ಟು, ಓಟ, ಚಿಂತೆ ಇವೆಲ್ಲ ಬಂದಾಗ ಮೈಯಲ್ಲಿ ಅಡ್ರಿನಲಿನ್ ಮತ್ತು ಅದರ ಜೋಡಿ ನಾರ್‌ಅಡ್ರಿನಲಿನ್ ಹರಿಯುತ್ತವೆ. ಹೃದಯದ ಜೀವಕೋಶಗಳ ಮೇಲೆ ಇವು ಬಂದು ಕೂರಲು ಜಾಗಗಳಿವೆ. ಅವಕ್ಕೆ ಬೀಟಾ ರಿಸೆಪ್ಟರ್ ಅಂತಾರೆ. ಅಲ್ಲಿ ಕೂತರೆ ಎದೆ ಜೋರಾಗಿ, ವೇಗವಾಗಿ ಹೊಡೆದುಕೊಳ್ಳುತ್ತದೆ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಜೇವರ್ಗಿ ಬಸ್ ಬಂದ ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ವಾ? ಬೀಟಾ ಬ್ಲಾಕರ್ ಮಾಡುವುದೂ ಅದನ್ನೇ. ಅಡ್ರಿನಲಿನ್ ಬರುವಷ್ಟರಲ್ಲಿ ಸೀಟಿನ ಮೇಲೆ ಟವೆಲ್ ಬಿದ್ದಿರುತ್ತದೆ. ಹೃದಯ ನಿಧಾನಕ್ಕೆ ಬಡಿಯುತ್ತದೆ, ಹಿಂಡುವ ಜೋರು ತಗ್ಗುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ ಆಗುತ್ತದೆ. ಮೂತ್ರಪಿಂಡದಲ್ಲಿ ಬಿಪಿ ಏರಿಸುವ ರೆನಿನ್ ಅನ್ನೋ ರಾಸಾಯನಿಕವೂ ಇಳಿಯುತ್ತದೆ.

ಸೀಟುಗಳಲ್ಲಿ ಎರಡು ಮುಖ್ಯ ಬಗೆ. ಬೀಟಾ-1 ಹೆಚ್ಚಾಗಿ ಹೃದಯದಲ್ಲಿ. ಬೀಟಾ-2 ಶ್ವಾಸನಾಳದಲ್ಲಿ, ರಕ್ತನಾಳದಲ್ಲಿ. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್ ಹೆಚ್ಚಾಗಿ ಬೀಟಾ-1ರ ಮೇಲೆ ಕೂರುತ್ತವೆ. ಪ್ರೊಪ್ರನೊಲಾಲ್ ಎರಡನ್ನೂ ಹಿಡಿಯುತ್ತದೆ. ಕಾರ್ವೆಡಿಲಾಲ್, ಲ್ಯಾಬೆಟಲಾಲ್ ಎರಡನ್ನೂ ಹಿಡಿಯುವುದರ ಜೊತೆಗೆ ರಕ್ತನಾಳವನ್ನೂ ಸಡಿಲಿಸುತ್ತವೆ. ದಮ್ಮು ಇದ್ದವರಿಗೆ ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ಮುಂದೆ ಬರುತ್ತದೆ.

ಇದರ ಹಿಂದಿನ ತಲೆ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅವರದ್ದು. ಎದೆನೋವಿನ ರೋಗಿಗಳಿಗೆ ಹೃದಯಕ್ಕೆ ರಕ್ತ ಹೆಚ್ಚಿಸುವ ದಾರಿಯನ್ನೇ ಎಲ್ಲರೂ ಹುಡುಕುತ್ತಿದ್ದಾಗ, ಹೃದಯದ ಬೇಡಿಕೆಯನ್ನೇ ತಗ್ಗಿಸಿದರೆ ಹೇಗೆ ಅಂತ ಅವರು ಯೋಚಿಸಿದರು. 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಬಂತು. 1988ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಹಂತ 3: ನಿಮಗೆ ಯಾಕೆ ಕೊಟ್ಟಿದ್ದಾರೆ ಅಂತ ಕೇಳಿ

"ಬಿಪಿ ಗುಳಿಗೆ" ಅಂದುಕೊಂಡು ನುಂಗುವವರಲ್ಲಿ ಎಷ್ಟೋ ಜನರಿಗೆ ಅದನ್ನು ಬಿಪಿಗೆ ಕೊಟ್ಟಿರುವುದಿಲ್ಲ. ಇದು ಗೊತ್ತಿಲ್ಲದ ಕಾರಣಕ್ಕೇ ಬಿಪಿ ನಾರ್ಮಲ್ ಬಂದ ಕೂಡಲೇ ಬಿಡಲು ಹೊರಡುತ್ತಾರೆ. ಡಾಕ್ಟರ ಎದುರು ನೇರವಾಗಿ ಕೇಳಿ: "ಇದು ನನಗೆ ಯಾವುದಕ್ಕೆ?"

ಉತ್ತರ ಇವುಗಳಲ್ಲಿ ಒಂದಿರಬಹುದು. ನಡೆದಾಗ ಎದೆ ಹಿಡಿದುಕೊಳ್ಳುವ ಆಂಜೈನಾ. ಹಾರ್ಟ್ ಅಟ್ಯಾಕ್ ಆದ ಮೇಲಿನ ರಕ್ಷಣೆ. ಎದೆಬಡಿತ ಏರುಪೇರಾಗುವ ತೊಂದರೆ. ಥೈರಾಯ್ಡ್ ಜಾಸ್ತಿ ಆಗಿ ಎದೆ ಧಡಧಡ ಅನ್ನುವುದು. ಕೈ ನಡುಕ. ಪದೇ ಪದೇ ಬರುವ ಮೈಗ್ರೇನ್. ಲಿವರ್ ಗಟ್ಟಿಯಾದವರಲ್ಲಿ ಅನ್ನನಾಳದ ರಕ್ತನಾಳ ಒಡೆಯದಂತೆ ತಡೆಯಲು ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್. ಗರ್ಭಿಣಿಯರ ಬಿಪಿಗೆ ಲ್ಯಾಬೆಟಲಾಲ್. ಅಟೆನೊಲಾಲ್ ಮಾತ್ರ ಗರ್ಭಿಣಿಯರಿಗೆ ಬೇಡ, ಮಗುವಿನ ಬೆಳವಣಿಗೆ ಕುಂಠಿತ ಆಗಬಹುದು. ಹಾಗಾಗಿ ಮಗುವಿಗೆ ಯೋಚಿಸುತ್ತಿರುವವರು ಮೊದಲೇ ಡಾಕ್ಟರಿಗೆ ತಿಳಿಸಿ.

ಬರೀ ಬಿಪಿ ಮಾತ್ರ ಇದ್ದವರಿಗೆ ಈಗ ಸಾಮಾನ್ಯವಾಗಿ ಇದನ್ನು ಮೊದಲ ಗುಳಿಗೆಯಾಗಿ ಕೊಡುವುದಿಲ್ಲ. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ತರಹದವು ಮುಂದೆ ಬಂದಿವೆ. ಲಕ್ವಾ ತಡೆಯುವುದರಲ್ಲಿ ಅಟೆನೊಲಾಲ್ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ ಅಂತ ದೊಡ್ಡ ಅಧ್ಯಯನಗಳಲ್ಲಿ ಕಂಡಿದ್ದು ಕಾರಣ. ಹಳೇ ಚೀಟಿ ಹಿಡಿದುಕೊಂಡು ವರ್ಷಗಟ್ಟಲೆ ಅಟೆನೊಲಾಲ್ ಒಯ್ಯುವವರು ಹಳ್ಳಿಗಳಲ್ಲಿ ಈಗಲೂ ತುಂಬಾ ಇದ್ದಾರೆ. ನಿಮ್ಮದೂ ಅಂಥ ಚೀಟಿಯಾದರೆ ಒಮ್ಮೆ ಡಾಕ್ಟರಿಗೆ ತೋರಿಸಿ, ಇದೇ ಮುಂದುವರಿಸಬೇಕಾ ಕೇಳಿ. ಅಲ್ಲಿಯವರೆಗೂ ನುಂಗುತ್ತಿರಿ.

ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪ್ ಶಕ್ತಿ ಸೋಲುವುದು, ಅದಕ್ಕೂ ಈ ಗುಳಿಗೆ ಕೊಡುತ್ತಾರೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸೋತ ಹೃದಯಕ್ಕೆ ಬಡಿತ ತಗ್ಗಿಸುವ ಔಷಧ ಕೊಡಲೇಬಾರದು ಅಂತ ಹಿಂದೆ ಡಾಕ್ಟರುಗಳೇ ನಂಬಿದ್ದರು. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್ ಮೇಲೆ ನಡೆದ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಎರಡರಲ್ಲೂ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ ಆಗಿತ್ತು. ಆದರೆ ಇಲ್ಲಿ ಶುರು ಮಾಡುವುದು ತೀರಾ ಸಣ್ಣ ಡೋಸಿನಿಂದ: ಕಾರ್ವೆಡಿಲಾಲ್ 3.125 ಮಿ.ಗ್ರಾಂ ದಿನಕ್ಕೆ ಎರಡು ಸಲ, ಬಿಸೊಪ್ರೊಲಾಲ್ 1.25 ಮಿ.ಗ್ರಾಂ ದಿನಕ್ಕೆ ಒಮ್ಮೆ, ಹೀಗೆ. ಎರಡು ವಾರಕ್ಕೊಮ್ಮೆ ನೋಡಿಕೊಂಡು ಏರಿಸುತ್ತಾರೆ. ಮೊದಲ ಕೆಲವು ವಾರ ಸುಸ್ತು ಜಾಸ್ತಿ ಅನ್ನಿಸಬಹುದು. "ಈ ಗುಳಿಗಿ ನನಗ ಒಗ್ಗವಲ್ದು" ಅಂತ ಇದೇ ಹೊತ್ತಿನಲ್ಲಿ ಬಿಟ್ಟುಬಿಡುತ್ತಾರೆ. ಸ್ವಲ್ಪ ತಾಳಿ. ಲಾಭ ಕಾಣಲು ತಿಂಗಳುಗಳೇ ಬೇಕು. ದಿನಾ ಮುಂಜಾನೆ ಮೂತ್ರಕ್ಕೆ ಹೋಗಿ ಬಂದು, ತಿನ್ನುವ ಮುಂಚೆ ತೂಕ ನೋಡಿ. ಎರಡು-ಮೂರು ದಿನದಲ್ಲಿ 2 ಕಿಲೊ ಏರಿದರೆ, ಕಾಲು ಊದಿದರೆ, ಮಲಗಿದರೆ ಉಸಿರು ಕಟ್ಟಿದರೆ ಡಾಕ್ಟರಿಗೆ ಫೋನ್ ಮಾಡಿ.

ಹಾರ್ಟ್ ಅಟ್ಯಾಕ್ ಆದವರಿಗೆ ಇನ್ನೊಂದು ಮಾತು. ಮೊದಲೆಲ್ಲ ಎಲ್ಲರಿಗೂ ಜೀವನಪೂರ್ತಿ ಅನ್ನುತ್ತಿದ್ದರು. ಹೃದಯದ ಪಂಪ್ ಶಕ್ತಿ ಚೆನ್ನಾಗಿ ಉಳಿದವರಿಗೆ ಅಷ್ಟು ವರ್ಷ ಬೇಕಾ ಅನ್ನೋ ಚರ್ಚೆ ಈಗ ಡಾಕ್ಟರುಗಳ ನಡುವೆಯೇ ನಡೆದಿದೆ. ಪಂಪ್ ಶಕ್ತಿ ಕುಗ್ಗಿದವರಿಗೆ ಬೇಕೇ ಬೇಕು, ಅದರಲ್ಲಿ ಚರ್ಚೆ ಇಲ್ಲ. ನಿಮ್ಮ ಎಕೊ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಇ.ಎಫ್. ಅಂತ, ಈ ಪಂಪ್ ಶಕ್ತಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಒಂದು ಸಂಖ್ಯೆ ಇರುತ್ತದೆ. ಅದನ್ನು ಗುರುತು ಹಾಕಿಕೊಂಡು ಹೋಗಿ, "ನನಗೆ ಎಷ್ಟು ವರ್ಷ?" ಅಂತ ಕೇಳಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಇದೊಂದು ಪ್ರಶ್ನೆಗಾಗಿ ಹೈದರಾಬಾದಿಗೆ ಹೋಗಬೇಕಿಲ್ಲ.

ಹಂತ 4: ಮೊದಲ ಗುಳಿಗೆಗೆ ಮುಂಚೆ ಇವನ್ನು ಹೇಳಿ

ದಮ್ಮು ಇದ್ದರೆ ಅದನ್ನೇ ಮೊದಲು ಹೇಳಿ. ಪ್ರೊಪ್ರನೊಲಾಲ್ ಶ್ವಾಸನಾಳವನ್ನು ಬಿಗಿ ಮಾಡಬಹುದು. ಆ ಹೊತ್ತಿಗೆ ಸಾಲ್ಬುಟಮಾಲ್ ಪಂಪ್ ಹೊಡೆದುಕೊಂಡರೂ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದು ಕೂರಬೇಕಾದ ಸೀಟೂ ಹಿಡಿದಾಗಿರುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಧೂಳು, ಶಹಾಬಾದ್ ಕಲ್ಲಿನ ಧೂಳು, ದಾಲ್ ಮಿಲ್ಲಿನ ಧೂಳು ಕುಡಿದೇ ದುಡಿಯುವವರು ನಮ್ಮಲ್ಲಿ ಎಷ್ಟು ಜನ! ದಮ್ಮು ಅಂತ ಯಾರೂ ಹೆಸರಿಟ್ಟಿರುವುದಿಲ್ಲ, "ಚಳಿಗಾಲದಾಗ ಉಬ್ಬಸ ಬರ್ತದ" ಅಂತಷ್ಟೇ ಅಂದುಕೊಂಡಿರುತ್ತಾರೆ. ಅದನ್ನೂ ಹೇಳಿ. ಹೃದಯಕ್ಕೆ ಬೇಕೇ ಬೇಕು ಅಂದರೆ ಬೀಟಾ-1 ಮೇಲೆ ಕೂರುವ ಗುಳಿಗೆಯನ್ನು ಸಣ್ಣ ಡೋಸಿನಲ್ಲಿ, ಕಣ್ಣಿಟ್ಟು ಕೊಡುವ ದಾರಿ ಡಾಕ್ಟರಿಗೆ ಇರುತ್ತದೆ.

ಕಣ್ಣಿನ ಹನಿಯನ್ನು ಯಾರೂ ಔಷಧ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗ್ಲಾಕೋಮಾಗೆ (ಕಣ್ಣಿನೊಳಗಿನ ಒತ್ತಡ ಏರುವ ರೋಗ) ಕೊಡುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರ್ರೇ. ಅದು ಕಣ್ಣಿನಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ದಮ್ಮು ಏಳಿಸಬಹುದು, ನಾಡಿ ತಗ್ಗಿಸಬಹುದು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡಿದರೆ ಒಳಗೆ ಇಳಿಯುವುದು ಕಡಿಮೆ ಆಗುತ್ತದೆ.

ನಾಡಿ ಮೊದಲೇ ನಿಧಾನ ಇದ್ದರೆ, ಇಸಿಜಿಯಲ್ಲಿ ಹಾರ್ಟ್ ಬ್ಲಾಕ್ (ರಕ್ತನಾಳ ಕಟ್ಟುವುದಲ್ಲ, ಬಡಿತದ ವಿದ್ಯುತ್ ಸಂಕೇತಕ್ಕೆ ಅಡ್ಡಿ) ಅಂದಿದ್ದರೆ, ಶುಗರ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಹೇಳಿ. ಅಟೆನೊಲಾಲ್ ಕಿಡ್ನಿ ಮೂಲಕವೇ ಹೊರಗೆ ಹೋಗುವುದರಿಂದ ಕಿಡ್ನಿ ಸೋತವರಲ್ಲಿ ಮೈಯಲ್ಲೇ ಉಳಿದುಬಿಡುತ್ತದೆ. ವೆರಾಪಮಿಲ್, ಡಿಲ್ಟಿಯಜೆಮ್, ಕ್ಲೊನಿಡಿನ್ ಈ ಮೂರು ಹೆಸರು ಹಳೇ ಚೀಟಿಯಲ್ಲಿದ್ದರೆ ಆ ಚೀಟಿಯನ್ನೇ ಒಯ್ದು ತೋರಿಸಿ. ಮೊದಲೆರಡು ಬೀಟಾ ಬ್ಲಾಕರ್ ಜೊತೆ ಸೇರಿ ಹೃದಯವನ್ನು ತೀರಾ ನಿಧಾನ ಮಾಡಬಲ್ಲವು.

ಮಂಡಿ ನೋವಿಗೆ ಅಂತ ಅಂಗಡಿಯಲ್ಲಿ ಕೇಳಿ ಒಯ್ಯುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ನೀರು ತುಂಬಿಸುತ್ತವೆ. ನೆಗಡಿಯ ಗುಳಿಗೆಯಲ್ಲಿ ಫಿನೈಲೆಫ್ರಿನ್ ಇದ್ದರೆ ಅದೂ ಬೇಡ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಹಂತ 5: ನಾಡಿ ನೋಡುವುದನ್ನು ಕಲಿಯಿರಿ

ಈ ಲೇಖನದಲ್ಲಿ ಒಂದೇ ಒಂದನ್ನು ಮನೆಯಲ್ಲಿ ಮಾಡಿ ನೋಡಲು ಹೇಳು ಅಂದರೆ ಇದನ್ನೇ ಹೇಳುತ್ತೇನೆ. ಒಂದು ಪೈಸೆ ಖರ್ಚಿಲ್ಲ.

ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಚಹಾ ಕುಡಿದ, ಮೆಟ್ಟಿಲು ಹತ್ತಿದ ತಕ್ಷಣ ಬೇಡ. ಎಡಗೈ ಅಂಗೈಯನ್ನು ಮೇಲೆ ಮಾಡಿ ತೊಡೆಯ ಮೇಲಿಡಿ. ಬಲಗೈಯ ತೋರುಬೆರಳು, ನಡುಬೆರಳನ್ನು ಎಡಗೈ ಹೆಬ್ಬೆರಳಿನ ಬುಡದಿಂದ ಕೆಳಗೆ ಜಾರಿಸಿ. ಮಣಿಕಟ್ಟಿನ ಹತ್ತಿರ ಎಲುಬು ಮತ್ತು ನರದ ನಡುವೆ ಒಂದು ಸಣ್ಣ ತಗ್ಗು ಸಿಗುತ್ತದೆ. ಅಲ್ಲಿ ಮೆತ್ತಗೆ ಒತ್ತಿ. ಜೋರಾಗಿ ಒತ್ತಿದರೆ ಬಡಿತ ಮಾಯ ಆಗುತ್ತದೆ. ಬಳೆ ಇದ್ದರೆ ಮೇಲೆ ಸರಿಸಿ. ಹೆಬ್ಬೆರಳಿನಿಂದ ನೋಡಬೇಡಿ, ಅದರ ಸ್ವಂತ ಬಡಿತವೇ ಕೈಗೆ ಸಿಗುತ್ತದೆ. ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು ಎಣಿಸಿ, ಎರಡರಿಂದ ಗುಣಿಸಿ. ಬಡಿತ ತಪ್ಪಿ ತಪ್ಪಿ ಬರುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ. ಬಿಪಿ ಮೆಷಿನ್ ಇದ್ದವರು ಅದರಲ್ಲಿ ಪಲ್ಸ್ ಅಂತ ಬರುವ ಸಂಖ್ಯೆಯನ್ನು ಬರೆದುಕೊಳ್ಳಬಹುದು.

ಸುಮ್ಮನೆ ಕೂತಾಗ 60ರಿಂದ 100 ಸಾಮಾನ್ಯ. ಬೀಟಾ ಬ್ಲಾಕರ್ ತಗೊಳ್ಳುವವರಲ್ಲಿ 55-60ರ ಆಸುಪಾಸು ಬಂದರೆ, ತಲೆ ಸುತ್ತು ಇಲ್ಲದಿದ್ದರೆ, ಗಾಬರಿ ಬೇಡ. ಔಷಧ ಕೆಲಸ ಮಾಡುತ್ತಿದೆ ಅಂತ. 50ಕ್ಕಿಂತ ಕೆಳಗೆ ಬಂದರೆ ಮುಂದಿನ ಗುಳಿಗೆ ನುಂಗುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಬಿಪಿಯ ಮೇಲಿನ ಅಂಕಿ 100ರ ಕೆಳಗಿಳಿದು ತಲೆ ತಿರುಗುತ್ತಿದ್ದರೂ ಅಷ್ಟೇ. ಹೊಸದಾಗಿ ಶುರು ಮಾಡಿದವರು, ಡೋಸ್ ಏರಿಸಿದವರು ದಿನಾ ಒಮ್ಮೆ ನೋಡಿ ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲೇ ಬರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೊ ಒಯ್ದರೆ, ಡೋಸ್ ಏರಿಸಬೇಕೋ ಇಳಿಸಬೇಕೋ ಅಂತ ತೀರ್ಮಾನಿಸಲು ಅವರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಸಿಗುವುದಿಲ್ಲ.

ಹಂತ 6: ನುಂಗುವ ರೀತಿ

ದಿನಾ ಒಂದೇ ಹೊತ್ತಿಗೆ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಊಟ-ತಿಂಡಿಯ ಜೊತೆ ಅಥವಾ ಆದ ಕೂಡಲೇ. ಸ್ಟ್ರಿಪ್ ಮೇಲೆ ಎಕ್ಸ್‌ಎಲ್, ಇ.ಆರ್. ಅಂತ ಇದ್ದರೆ ಅದು ದಿನವಿಡೀ ನಿಧಾನಕ್ಕೆ ಬಿಡುಗಡೆ ಆಗುವ ಗುಳಿಗೆ. ಅದನ್ನು ಕುಟ್ಟಬಾರದು, ಅಗಿಯಬಾರದು. ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ. ನುಂಗಲು ಕಷ್ಟ ಪಡುವ ವಯಸ್ಸಾದವರಿಗೆ ಮನೆಯವರು ಕುಟ್ಟಿ ಜೇನಿನಲ್ಲಿ ಕಲಸಿ ಕೊಡುವುದುಂಟು, ಪ್ರೀತಿಯಿಂದಲೇ. ಈ ಗುಳಿಗೆಗೆ ಹಾಗೆ ಮಾಡಬೇಡಿ. ನಡುವೆ ಗೆರೆ ಇದ್ದರೆ ಅರ್ಧ ಮಾಡಬಹುದಾ ಅಂತ ಮೆಡಿಕಲ್‌ನವರನ್ನು ಕೇಳಿ.

ಮರೆತರೆ? ನೆನಪಾದ ಕೂಡಲೇ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ನುಂಗುವುದು ಮಾತ್ರ ಬೇಡ.

ಮೈಗ್ರೇನ್‌ಗೆ ಕೊಟ್ಟ ಪ್ರೊಪ್ರನೊಲಾಲ್ ತಲೆನೋವು ಬಂದಾಗ ನುಂಗುವ ಗುಳಿಗೆ ಅಲ್ಲ. ನೋವು ಬಾರದಂತೆ ದಿನಾ ತಗೊಳ್ಳಬೇಕು, ಫಲ ಕಾಣಲು ವಾರಗಳು ಬೇಕು. ಪರೀಕ್ಷೆ, ಸಂದರ್ಶನದ ಹೆದರಿಕೆಗೆ ಅಂತ ಗೆಳೆಯರ ಹತ್ತಿರ ಇದನ್ನೇ ಇಸಿದುಕೊಳ್ಳುವ ಹುಡುಗರಿದ್ದಾರೆ. ಕೈ ನಡುಕ, ಎದೆ ಹೊಡೆದುಕೊಳ್ಳುವುದು ತಗ್ಗುತ್ತದೆ ನಿಜ, ಮನಸ್ಸಿನ ಚಿಂತೆ ಹಾಗೇ ಇರುತ್ತದೆ. ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ದಮ್ಮು ಇದ್ದ ಹುಡುಗನಿಗೆ ಒಂದು ಗುಳಿಗೆಯೂ ಅಪಾಯ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೈಗೆ ಸಿಗದ ಕಡೆ ಇಡಿ.

ಹಂತ 7: ಮೊದಲ ತಿಂಗಳು ಏನೇನಾಗಬಹುದು

ಸುಸ್ತು. ಎದ್ದು ನಿಂತಾಗ ತಲೆ ತಿರುಗುವುದು. ಕೈಕಾಲು ತಣ್ಣಗಾಗುವುದು, ಬೀದರ್ ಕಡೆಯ ಜನವರಿ ಚಳಿಯಲ್ಲಿ ಇದು ಇನ್ನೂ ಜಾಸ್ತಿ. ಕೆಲವರಿಗೆ ಕೆಟ್ಟ ಕನಸು, ನಿದ್ದೆ ಬಾರದಿರುವುದು. ಮಿದುಳಿಗೆ ಸುಲಭವಾಗಿ ಇಳಿಯುವ ಪ್ರೊಪ್ರನೊಲಾಲ್‌ನಲ್ಲಿ ಇದು ಹೆಚ್ಚು. ಇವುಗಳಲ್ಲಿ ಬಹಳಷ್ಟು ಕೆಲವು ವಾರದಲ್ಲಿ ಕಡಿಮೆ ಆಗುತ್ತವೆ. ಹಾಸಿಗೆಯಿಂದ ಏಳುವಾಗ ಮೊದಲು ಕೂತು, ಒಂದು ನಿಮಿಷ ಬಿಟ್ಟು ನಿಲ್ಲಿ. ಸೇಂದಿ, ಸಾರಾಯಿ ಕುಡಿದರೆ ತಲೆ ತಿರುಗುವುದು ಜಾಸ್ತಿ ಆಗುತ್ತದೆ. ವಾಕಿಂಗ್ ಮಾಡುವವರು ನಾಡಿ ಏರುತ್ತಿಲ್ಲ ಅಂತ ಓಡಲು ಹೋಗಬೇಡಿ. ನಡೆಯುತ್ತಾ ಮಾತಾಡಲು ಆಗುವಷ್ಟು ವೇಗ ಸರಿ.

ಗಂಡಸರು ಹೇಳಿಕೊಳ್ಳದ ಒಂದು ತೊಂದರೆ ಇದೆ. ಲೈಂಗಿಕ ಶಕ್ತಿ ಕುಗ್ಗುವುದು. ಹೆಂಡತಿಗೂ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ, ಸದ್ದಿಲ್ಲದೆ ಗುಳಿಗೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಪಿ, ಶುಗರ್, ಚಿಂತೆಯಿಂದಲೂ ಇದು ಆಗುತ್ತದೆ. ಗುಳಿಗೆಯೇ ಕಾರಣವಾದರೆ ಬದಲಿಸಲು ದಾರಿ ಇದೆ, ನೆಬಿವೊಲಾಲ್‌ನಲ್ಲಿ ಈ ತೊಂದರೆ ಕಡಿಮೆ. ಇನ್ನು ಮೆಡಿಕಲ್‌ನಲ್ಲಿ ಮೆಲ್ಲಗೆ ಕೇಳಿ ಸಿಲ್ಡೆನಾಫಿಲ್ (ವಯಾಗ್ರಾ) ಒಯ್ಯುವುದು ಜೀವಕ್ಕೆ ಅಪಾಯ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ತಗೊಳ್ಳುವವರು ಅದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಹಂತ 8: ಶುಗರ್ ಇದ್ದವರು ಬೆವರನ್ನು ಗಮನಿಸಿ

ಶುಗರ್ ಇಳಿದಾಗ ಕೈ ನಡುಗುತ್ತದೆ, ಎದೆ ಧಸಕ್ ಅನ್ನುತ್ತದೆ. ಅದೇ ನಿಮಗೆ ಬರುವ ಎಚ್ಚರಿಕೆ. ಬೀಟಾ ಬ್ಲಾಕರ್ ಈ ಎರಡನ್ನೂ ಮುಚ್ಚಿಹಾಕಬಹುದು. ಬೆವರು ಮಾತ್ರ ಬರುತ್ತದೆ. ಆದ್ದರಿಂದ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು ಕಾರಣವಿಲ್ಲದೆ ತಣ್ಣನೆ ಬೆವರು ಬಂದರೆ, ಮಾತು ತಡವರಿಸಿದರೆ, ಹಸಿವು ವಿಪರೀತ ಆದರೆ ಶುಗರ್ ನೋಡಿ. 70ರ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ನೋಡುವ ಮೆಷಿನ್ ಇಲ್ಲದಿದ್ದರೆ ಕಾಯದೆ ಸಕ್ಕರೆ ನೀರು ಕುಡಿಯಿರಿ.

ಶ್ರಾವಣದಲ್ಲಿ ಒಪ್ಪೊತ್ತು ಮಾಡುವವರು, ರಂಜಾನಿನಲ್ಲಿ ರೋಜಾ ಇಡುವವರು ತಿಂಗಳು ಶುರುವಾಗುವ ಮುಂಚೆಯೇ ಡಾಕ್ಟರನ್ನು ಕಾಣಿ. ಎರಡು ಹೊತ್ತಿನ ಗುಳಿಗೆಯನ್ನು ಒಂದು ಹೊತ್ತಿನದಕ್ಕೆ ಬದಲಿಸಬಹುದು, ಶುಗರಿನ ಡೋಸ್ ಹೊಂದಿಸಬಹುದು. ಹೊಟ್ಟೆಗೆ ಏನೂ ಇಲ್ಲ ಅಂತ ಗುಳಿಗೆಯನ್ನೇ ತಿಂಗಳು ಬಿಡುವುದು ಬೇಡ.

ಹಂತ 9: ನಮ್ಮ ಬಿಸಿಲು

ಏಪ್ರಿಲ್-ಮೇ ಬಂದರೆ ಕಲಬುರಗಿ, ಯಾದಗಿರಿ ಕಡೆ 42-43 ಡಿಗ್ರಿ ಹೊಸತಲ್ಲ. ಮೈ ತಂಪಾಗಲು ಹೃದಯ ವೇಗವಾಗಿ ಬಡಿದು ಚರ್ಮಕ್ಕೆ ರಕ್ತ ದೂಡಬೇಕು. ಬೀಟಾ ಬ್ಲಾಕರ್ ಆ ವೇಗವನ್ನೇ ತಡೆಯುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ನೀರಿನ ಗುಳಿಗೆಯೂ ಇದ್ದರೆ ಮೈಯ ನೀರು ಬೇಗ ಖಾಲಿ. ಹೊಲದ ಕೆಲಸ 11 ಗಂಟೆಯೊಳಗೆ ಮುಗಿಸಿ. ಅಂಬಲಿ, ಉಪ್ಪು ಕಡಿಮೆ ಹಾಕಿದ ಮಜ್ಜಿಗೆ, ನೀರು ಕುಡಿಯುತ್ತಿರಿ. ಹಾರ್ಟ್ ಫೇಲ್ಯೂರ್‌ಗೆ ಅಂತ ನೀರು ಅಳತೆ ಮಾಡಿ ಕೊಟ್ಟಿದ್ದರೆ ಬೇಸಿಗೆಗೆ ಎಷ್ಟು ಅಂತ ಬೇರೆಯಾಗಿ ಕೇಳಿಕೊಳ್ಳಿ. ವಾಂತಿ-ಭೇದಿ ಶುರುವಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಗುಳಿಗೆಗೂ ಬಿಸಿಲು ಆಗುವುದಿಲ್ಲ. ಪತ್ರಾಸಿನ ಮನೆಯ ಮೇಲಿನ ಗೂಡು, ಒಲೆ ಪಕ್ಕದ ಮಾಡ, ಬೈಕಿನ ಡಿಕ್ಕಿ ಇವೆಲ್ಲ ಬೇಡ. ನೆರಳಿರುವ, ಒಣಗಿದ, ಮಕ್ಕಳ ಕೈಗೆ ಸಿಗದ ಜಾಗ ನೋಡಿ ಇಡಿ.

ಹಂತ 10: ನಿಲ್ಲಿಸಬೇಕಾದರೆ

ಅಡ್ರಿನಲಿನ್‌ಗೆ ಸೀಟು ಸಿಗದೆ ಬಹಳ ದಿನ ಆದಾಗ ಹೃದಯ ಸುಮ್ಮನೆ ಕೂರುವುದಿಲ್ಲ, ಹೊಸ ಸೀಟುಗಳನ್ನು ಮಾಡಿಕೊಳ್ಳುತ್ತದೆ. ಗುಳಿಗೆ ಥಟ್ಟನೆ ಬಿಟ್ಟರೆ ಟವೆಲ್‌ಗಳೆಲ್ಲ ಒಮ್ಮೆಲೇ ಎದ್ದುಹೋಗುತ್ತವೆ. ಹಳೇ ಸೀಟು, ಹೊಸ ಸೀಟು ಎಲ್ಲದರಲ್ಲೂ ಅಡ್ರಿನಲಿನ್ ಬಂದು ಕೂರುತ್ತದೆ. ಎದೆಬಡಿತ ಮೊದಲಿಗಿಂತ ಜೋರಾಗುತ್ತದೆ, ಬಿಪಿ ಏರುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಬಿಟ್ಟ ಒಂದೆರಡು ದಿನದಲ್ಲೇ ಶುರುವಾಗಬಹುದು. "ಗುಳಿಗಿ ಬಿಟ್ರೂ ನಿನ್ನಿ ಆರಾಮ್ ಇದ್ದೆ" ಅನ್ನೋದು ಯಾವ ಭರವಸೆಯೂ ಅಲ್ಲ.

ನಿಲ್ಲಿಸಲೇಬೇಕು ಅಂದರೆ ಡಾಕ್ಟರು ಒಂದೆರಡು ವಾರದಲ್ಲಿ ಮೆಲ್ಲಗೆ ಡೋಸ್ ಇಳಿಸುತ್ತಾರೆ, ಕೆಲವರಿಗೆ ಇನ್ನೂ ನಿಧಾನ. ಆ ದಿನಗಳಲ್ಲಿ ಭಾರ ಎತ್ತುವುದು, ಓಡಾಟ ಕಡಿಮೆ ಇರಲಿ. ಆಪರೇಷನ್ ಇದೆ ಅಂತಲೋ, ಹಲ್ಲು ಕೀಳಿಸಬೇಕು ಅಂತಲೋ ನೀವಾಗಿ ಬಿಡಬೇಡಿ. ಈ ಗುಳಿಗೆ ತಗೊಳ್ಳುತ್ತಿದ್ದೇನೆ ಅಂತ ಸರ್ಜನ್‌ಗೂ ಹಲ್ಲಿನ ಡಾಕ್ಟರಿಗೂ ಹೇಳಿದರೆ ಸಾಕು.

ಬಿಡುವ ಮನಸ್ಸಿಲ್ಲದೆಯೂ ಗುಳಿಗೆ ತಪ್ಪಿಹೋಗುವುದು ಹೆಚ್ಚು. ತೊಗರಿ ರಾಶಿ ಮುಗಿದ ಮೇಲೆ ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೋಗುವವರು, ಶರಣಬಸವೇಶ್ವರ ಜಾತ್ರೆಗೆ, ಗಾಣಗಾಪುರಕ್ಕೆ, ಉರುಸಿಗೆ ಬಂದು ನೆಂಟರ ಮನೆಯಲ್ಲಿ ಉಳಿಯುವವರು ಖಾಲಿ ಕೈಯಲ್ಲಿ ಬಂದಿರುತ್ತಾರೆ. ಐದು ಗುಳಿಗೆ ಉಳಿದಾಗಲೇ ಹೊಸದು ತಂದಿಡಿ. ಹೊರ ಊರಿಗೆ ಹೋಗುವಾಗ ಬೇಕಾದದ್ದಕ್ಕಿಂತ ಒಂದು ವಾರದ್ದು ಹೆಚ್ಚಿಗೆ ಒಯ್ಯಿರಿ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ, ಮಗನ ಮೊಬೈಲಿನಲ್ಲೂ ಇರಲಿ. ದುಡ್ಡು ಸಾಲದೆ ಬಿಡುವ ಪರಿಸ್ಥಿತಿ ಬಂದರೆ ಅದನ್ನು ನಾಚಿಕೆಯಿಲ್ಲದೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಜನೌಷಧಿಯಲ್ಲಿ ಕಡಿಮೆಗೆ ಸಿಗುತ್ತದೆ.

ಹಂತ 11: ಯಾವಾಗ ಓಡಬೇಕು

ಕಣ್ಣು ಕತ್ತಲೆ ಬಂದು ಬಿದ್ದರೆ, ನಾಡಿ 40ರ ಹತ್ತಿರ ಇಳಿದರೆ, ಸುಯ್ ಸುಯ್ ಅಂತ ಉಸಿರು ಕಟ್ಟಿದರೆ, ಮುಖ-ತುಟಿ ಊದಿದರೆ, ಒಟ್ಟಿಗೆ ಜಾಸ್ತಿ ಗುಳಿಗೆ ನುಂಗಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದು ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಅದು ಎಲ್ಲಿದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಇವತ್ತೇ ಬರೆದಿಟ್ಟುಕೊಳ್ಳಿ. ಆಂಬುಲೆನ್ಸ್ ಬಂದಾಗ ಗುಳಿಗೆ ಚೀಲವನ್ನೂ ಜೊತೆಗೆ ಹಾಕಿಕೊಂಡು ಹೋಗಿ. ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದಾರೆ, ಕೊನೆಯ ಗುಳಿಗೆ ಇಷ್ಟು ಹೊತ್ತಿಗೆ ನುಂಗಿದ್ದಾರೆ ಅಂತ ಅಲ್ಲಿನ ಡಾಕ್ಟರಿಗೆ ಮೊದಲು ಹೇಳಿ.